ಗರಗಸದ ಮೇಜಿನ ಮೇಲೆ ನೀರು

ಸೇತುವೆಯ ಕಂಬದ ಬಿಳಿ ಅಂಕಿ
ನಾಲ್ಕಕ್ಕಿಳಿದಿದೆ ಅಂತ ಫೋನು ಮಾಡಿದಳು ವರ್ನಾ ಡೀಸ್,
ಬೆಳಗಿನ ಐದೂವರೆಗೆ.
ಕಾಗದದ ಗಿರಣಿಯ ರಾತ್ರಿಪಾಳಿ ಮುಗಿಸಿ
ಆಗಷ್ಟೇ ಬೂಟು ಕಳಚಿದ್ದೆ.
ಮತ್ತೆ ಹಾಕಿಕೊಂಡೆ.

ವಿತ್ಲಕೂಚಿ ಹೊಳೆ ಮೇ ತಿಂಗಳಲ್ಲಿ
ಹಾಲು ಹಾಕದ ಚಹಾ.
ಇಳಿದವರ ಕಾಲು ಅವರದಲ್ಲ:
ಮೊದಲು ಕೆಂಪು, ಆಮೇಲೆ ಕಂದು, ಆಮೇಲೆ ಇಲ್ಲ.
ಅದಕ್ಕೇ ಇಲ್ಲಿ ವರ್ನಾ ನನಗಿಂತ ಮುಂದೆ.
ಮೂವತ್ತೊಂದು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದ ಕಣ್ಣು,
ಈಗ ಅದರ ನಟ್ಟನಡುವೆ ಒಂದು ಮಬ್ಬು ಮಚ್ಚೆ.
ಎದುರಿಗಿದ್ದವರ ಮೂಗು ಕಾಣದು,
ಕಿವಿ ಕಾಣುತ್ತದೆ ಅನ್ನುತ್ತಾಳೆ.
ಹೊಳೆಗೆ ಕಣ್ಣು ಯಾಕೆ?
ಬರಿಗಾಲಲ್ಲಿ ಇಳಿಯುತ್ತಾಳೆ,
ಕರೆಂಟು ಹೋದ ಮನೆಯಲ್ಲಿ
ಬೆಂಕಿಪೊಟ್ಟಣ ತಡಕುವವಳ ಹಾಗೆ.

"ಸುಣ್ಣಕಲ್ಲು." ಸರಿಯುತ್ತಾಳೆ.
"ಬೇರು. ಬೇರು. ಬಿಯರಿನ ಡಬ್ಬಿ."
ನಿಂತುಬಿಟ್ಟಳೆಂದರೆ
ನಾನು ಉಸಿರು ಕಟ್ಟಿ ಮುಳುಗಬೇಕು,
ಅವಳ ಹಿಮ್ಮಡಿ ತೋರಿದ ಕಡೆ ಕೈಯಾಡಿಸಬೇಕು:
ಎಳ್ಳೊತ್ತಿದ ರೊಟ್ಟಿಯಂಥ ಮೈ,
ಗೆಣಸಿನ ಸೊಟ್ಟ, ಗೆಣಸಿಗಿಲ್ಲದ ತೂಕ.
ಮೇಲೆ ತಂದುಕೊಟ್ಟರೆ ನೆಕ್ಕಿ ನೋಡುತ್ತಾಳೆ.
ಸುಣ್ಣವಾದರೆ ನಾಲಿಗೆಗೆ ಅಂಟುತ್ತದಂತೆ,
ಅಗೇಟಾದರೆ ಜಾರುತ್ತದಂತೆ.

ಹವಳ ಅಂದರೆ ಕೆಂಪು ಅಂದುಕೊಂಡವರಿಗೆ
ಇದನ್ನು ತೋರಿಸಬೇಡಿ.
ಇದು ಜೋನಿಬೆಲ್ಲ, ಇದು ಲಾಂದ್ರದ ಮಸಿಗಾಜು.
ಜೀವ ಹೋಗಿ, ಜೀವ ಕಟ್ಟಿದ ಗೋಡೆಯೂ ಕರಗಿ,
ಗೋಡೆಯಿದ್ದ ಜಾಗದಲ್ಲಿ ಕಣ ಕಣ ಬಂದು ಕೂತದ್ದು
ಬೇರೆ ಯಾರೋ,
ಅದೇ ಹೂವಿನ ಅಂಗಿ ತೊಟ್ಟು.
ಇಲ್ಲಿ ಕಡಲಿತ್ತೆಂದರೆ ನಮ್ಮ ಪಾದ್ರಿ ಒಪ್ಪುವುದಿಲ್ಲ.
ಚರ್ಚಿನ ಬಾಗಿಲು ಗಾಳಿಗೆ ಬಡಿಯದ ಹಾಗೆ
ಅವರು ಅಡ್ಡ ಇಟ್ಟಿರುವುದು ಇದೇ ಕಲ್ಲು,
ವರ್ನಾ ಕೊಟ್ಟದ್ದು.

ಅವತ್ತು ಮೂರನೆಯದು ಕುಲುಕಿತು.

ತೆಂಗಿನಕಾಯಿ ನೋಡುವ ಹಾಗೆ ಕಿವಿಗಿಟ್ಟು
ಅಲ್ಲಾಡಿಸಿದಳು. ನನಗೆ ಕೊಟ್ಟಳು. ಕಸಿದುಕೊಂಡಳು.
ದಡದ ಬಿಳಿ ಮರಳಲ್ಲಿ ಕೂತು
ಸ್ಯಾಂಡ್‌ವಿಚ್ಚು ತಿನ್ನುವಾಗಲೂ ತೊಡೆಯ ಮೇಲೆ ಅದೇ.
ಒಡೆಯದೆ ಇಡೋಣ ಅಂದೆ ನಾನು.
"ಕೊಯ್ಯಿ, ಎಮೋರಿ.
ಕೇಳುವುದಕ್ಕೆ ಕಿವಿ ಇನ್ನೂ ಇರುತ್ತದೆ.
ನೋಡುವುದಕ್ಕೆ ನನಗೆ ಪುರಸೊತ್ತಿಲ್ಲ."

ನಲವತ್ತು ನಿಮಿಷ ಹಿಡಿಯಿತು.
ಶೆಡ್ಡಿನಲ್ಲಿ ಎಣ್ಣೆಯ ಹೊಗೆ, ಗರಗಸದ ಒಂದೇ ಸ್ವರ,
ಕುರ್ಚಿಯ ತುದಿಯಲ್ಲಿ ಅವಳು,
ಮುಖ ಓರೆ ಮಾಡಿಕೊಂಡು, ಮಚ್ಚೆಯ ಪಕ್ಕದಿಂದ ನೋಡಲು.
ಎರಡು ಹೋಳಾದಾಗ ನಾನು ಕಂಡದ್ದು
ನೀಲಿ ದ್ರಾಕ್ಷಿಯ ಗೊಂಚಲು, ಗುಹೆಯ ತುಂಬ.
ಅಷ್ಟರಲ್ಲಿ ನೀರು ಹೋಗಿತ್ತು.
ಒಂದು ಗುಟುಕು. ಅಷ್ಟೂ ಇರಲಾರದು.
ಎಣ್ಣೆಯ ಜೊತೆ ಸೇರಿ ಮೇಜಿನ ಸಂದಿಯಲ್ಲಿ ಇಳಿದು
ನೆಲದ ಹೊಟ್ಟಿನಲ್ಲಿ ಒಂದು ಕಪ್ಪು ಬೊಟ್ಟು.
ನಾಯಿ ಮೂಸಿ ನೋಡಿ ಹೊರಟುಹೋಯಿತು.

"ಹೇಗಿತ್ತು?"
ನೀರಿನ ಹಾಗೇ, ಅಂದೆ.
"ವಾಸನೆ?"
ಗರಗಸದ ಎಣ್ಣೆ.

ಸುಳ್ಳು ಹೇಳಬಹುದಿತ್ತು.
ಉಪ್ಪು ಉಪ್ಪು ಅನ್ನಬಹುದಿತ್ತು, ಕಡಲಿನ ಗಾಳಿ ಬಂತು ಅಂತ.
ಅವಳು ಬಹಳ ಹೊತ್ತು ಸುಮ್ಮನಿದ್ದು
ಒಂದು ಹೋಳು ಎತ್ತಿ, ದ್ರಾಕ್ಷಿಯ ನಡುವೆ ಹೆಬ್ಬೆರಳು ತೂರಿಸಿ,
"ಇನ್ನೂ ಒದ್ದೆ ಇದೆ" ಅಂದಳು,
ಬೆರಳು ಬಾಯಿಗಿಟ್ಟಳು.
ನಾನು ಕೇಳಲಿಲ್ಲ.

ಭಾನುವಾರ ಜಾರ್ಜಿಯಾದ ಕಡೆ ಮಳೆ ಬಂತು.
ಸೋಮವಾರ ಐದೂವರೆಗೆ ಫೋನು:
"ಒಂಬತ್ತು."
ಇಟ್ಟುಬಿಟ್ಟಳು.